ದಾರಿಯ ಲೆಕ್ಕವೂ ಧೂಳಿನ ಲೆಕ್ಕವೂ

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ತಾಲ್ಲೂಕುಗಳಲ್ಲಿ ನಾಲ್ಕಾರು ಎಕರೆ ತೆಂಗಿನ ತೋಟವುಳ್ಳ ಗೃಹಸ್ಥನು ಮೊದಲು ಟ್ರ್ಯಾಕ್ಟರನ್ನೂ, ತರುವಾಯ ಮೋಟಾರುಬೈಕನ್ನೂ, ಈಚೆಗೆ ಒಂದು ಚಿಕ್ಕ ಕಾರನ್ನೂ ಮನೆಯ ಮುಂದೆ ತಂದು ನಿಲ್ಲಿಸಿರುವುದು ಸಂತೋಷಪಡತಕ್ಕ ಸಂಗತಿಯೇ ಸರಿ. ಆದರೆ ಆ ಕಾರಿನ ಬಣ್ಣಕ್ಕೂ ಟೈರಿಗೂ ಬ್ಯಾಟರಿಗೂ ಸಲ್ಲುತ್ತಿರುವ ಆದರದ ಶತಾಂಶವಾದರೂ, ಅದು ಉಸಿರೆಳೆದುಕೊಳ್ಳುವ ದ್ವಾರದಲ್ಲಿ ಕಾವಲಿಗೆ ಕುಳಿತಿರುವ ಏರ್ ಫಿಲ್ಟರಿಗೆ ಸಲ್ಲುತ್ತಿಲ್ಲ. ಸಲ್ಲುವ ಅಲ್ಪ ಆದರವೂ ಕಾರಿನೊಡನೆ ಬಂದ ಕೈಪಿಡಿಯಲ್ಲಿ ಅಚ್ಚಾಗಿರುವ ಕಿಲೋಮೀಟರುಗಳ ಸಂಖ್ಯೆಗೆ ಕಟ್ಟುಬಿದ್ದಿದೆ. ಆ ಸಂಖ್ಯೆ ನಮ್ಮ ಸೀಮೆಗೆ ಸಲ್ಲತಕ್ಕದ್ದಲ್ಲ. ನಮ್ಮ ಕಾರುಗಳ ಫಿಲ್ಟರನ್ನು ಓಡಿದ ದಾರಿಯಿಂದಲ್ಲ, ಕುಡಿದ ಧೂಳಿನಿಂದ ಅಳೆಯಬೇಕು ಎಂಬುದು ಈ ಲೇಖನದ ವಾದ.

ಒಂದು ಗ್ರಾಂ ಪೆಟ್ರೋಲು ಪೂರ್ಣವಾಗಿ ದಹಿಸಬೇಕಾದರೆ ಹದಿನಾಲ್ಕೂವರೆ ಗ್ರಾಮಿಗೂ ಮಿಕ್ಕ ಗಾಳಿ ಬೇಕು. ಹಾಗೆ ಲೆಕ್ಕ ಹಾಕಿದರೆ, ಒಂದು ಲೀಟರು ಪೆಟ್ರೋಲನ್ನು ಉರಿಸುವ ಹೊತ್ತಿಗೆ ಎಂಜಿನ್ನು ಸುಮಾರು 9,000 ಲೀಟರು ಗಾಳಿಯನ್ನು ಒಳಗೆ ಎಳೆದುಕೊಂಡಿರುತ್ತದೆ. ಆ ಗಾಳಿಯಲ್ಲಿ ತೇಲುವ ಮಣ್ಣಿನ ಕಣಗಳಲ್ಲಿ ಬಹುಪಾಲು ಬೆಣಚು. ಬೆಣಚಾದರೋ ಉಕ್ಕನ್ನು ಗೀರಬಲ್ಲಷ್ಟು ಕಠಿನವಾದ ಖನಿಜ. ಅದು ಸಿಲಿಂಡರಿನ ಒಳಮೈಗೂ ಪಿಸ್ಟನ್ನಿನ ರಿಂಗುಗಳಿಗೂ ನಡುವೆ ಸೇರಿ, ಎಂಜಿನ್ ಆಯಿಲಿನೊಡನೆ ಬೆರೆತು, ಕಣ್ಣಿಗೆ ಕಾಣದಂತೆ ಲೋಹವನ್ನು ತೇಯುತ್ತ ಹೋಗುತ್ತದೆ. ಕೆಲವು ವರ್ಷಗಳ ಅನಂತರ ಹೊಗೆಕೊಳವೆಯಿಂದ ನೀಲಿ ಹೊಗೆ ಹೊರಟು, “ಆಯಿಲ್ ಕುಡೀತಿದೆ, ರಿಂಗ್ ಹೋಗಿದೆ, ಎಂಜಿನ್ ಇಳಿಸಬೇಕು” ಎಂದು ಮೇಸ್ತ್ರಿ ಹೇಳಿದಾಗ ಯಜಮಾನನು ಕಾರಿನ ಕಂಪೆನಿಯನ್ನು ನಿಂದಿಸುತ್ತಾನೆಯೇ ಹೊರತು, ತಾನು ಮುಚ್ಚಳ ತೆರೆದು ನೋಡದೆ ಬಿಟ್ಟ ಕಾಗದದ ಫಿಲ್ಟರನ್ನು ನೆನೆಯುವುದಿಲ್ಲ.

ಈ ಧೂಳು ನಮ್ಮಲ್ಲಿ ಒಂದೇ ಬಗೆಯದಲ್ಲ. ಶಿವರಾತ್ರಿ ಕಳೆದು ಮುಂಗಾರು ಬೀಳುವವರೆಗೆ ತೋಟದ ಬಂಡಿಜಾಡುಗಳಲ್ಲಿ ಏಳುವ ಕೆಂಪು ಮರಳುಮಣ್ಣಿನ ಧೂಳು ಎಲ್ಲರಿಗೂ ಪರಿಚಿತವಾದದ್ದು; ಮುಂದೆ ಹೋಗುವ ಟ್ರ್ಯಾಕ್ಟರಿನ ಹಿಂದೆ ಕಾರು ಅರ್ಧ ಮೈಲಿ ಸಾಗಿದರೆ ಸಾಕು, ಹೆದ್ದಾರಿಯಲ್ಲಿ ಬೆಂಗಳೂರಿಗೆ ಹೋಗಿಬರುವಾಗ ಸೇರದಷ್ಟು ಮಣ್ಣು ಫಿಲ್ಟರಿನಲ್ಲಿ ಸೇರಿಕೊಂಡೀತು. ಅಟ್ಟದ ಮೇಲೆ ಹೆಚ್ಚುಕಡಿಮೆ ಒಂದು ವರ್ಷ ಒಣಗಿ ಉಂಡೆ ಕೊಬ್ಬರಿಯಾದ ಕಾಯಿಯನ್ನು ಸುಲಿದ ಮೇಲೆ ಉಳಿಯುವ ಮಟ್ಟೆಯು ನಾರಿನ ಕಾರ್ಖಾನೆಗೆ ಹೋಗುತ್ತದೆ. ಅಲ್ಲಿ ನಾರನ್ನು ಬಿಡಿಸಿದಾಗ ಉದುರುವ ಹೊಟ್ಟು ರಸ್ತೆಯ ಮಗ್ಗುಲಲ್ಲಿ ಗುಡ್ಡೆಗುಡ್ಡೆಯಾಗಿ ಬಿದ್ದು, ಬೇಸಗೆಯ ಗಾಳಿಗೆ ಹಾರಿ, ನಾರಿನ ಎಳೆಗಳೊಡನೆ ಫಿಲ್ಟರಿನ ಮಡಿಕೆಗಳ ಬಾಯಿಯಲ್ಲಿ ಕಂಬಳಿಯಂತೆ ಹಾಸಿಕೊಳ್ಳುತ್ತದೆ. ತನ್ನ ತೂಕದ ಹಲವು ಪಟ್ಟು ನೀರನ್ನು ಹಿಡಿದಿಡುವುದು ಈ ಹೊಟ್ಟಿನ ಸ್ವಭಾವ. ತೋಟಗಾರಿಕೆಯಲ್ಲಿ ಅದಕ್ಕೆ ಬೆಲೆ ಬಂದಿರುವುದು ಆ ಗುಣದಿಂದಲೇ. ಆದರೆ ಸಸಿಯ ಬುಡದಲ್ಲಿ ಗುಣವಾದದ್ದು ಫಿಲ್ಟರಿನಲ್ಲಿ ದೋಷ: ಮಳೆಗಾಲದ ತೇವದ ಗಾಳಿಗೆ ಅದು ಒದ್ದೆಯಾಗಿ ಕಾಗದವನ್ನೂ ಒದ್ದೆಯಾಗಿರಿಸುತ್ತದೆ. ಇವುಗಳ ಜೊತೆಗೆ ಚಿಪ್ಪನ್ನು ಸುಟ್ಟು ಇದ್ದಿಲು ಮಾಡುವ ಕಡೆಗಳಿಂದ ಏಳುವ ಹೊಗೆಯ ಮಸಿಯೂ ಉಂಟು. ಚಿಕ್ಕನಾಯಕನಹಳ್ಳಿಯ ಗುಡ್ಡಸಾಲಿನವರಿಗಂತೂ ಕಬ್ಬಿಣದ ಅದಿರಿನ ಧೂಳಿನ ನೆನಪು ಮಾಸಿರಲಾರದು. 2011ರಲ್ಲಿ ಸರ್ವೋಚ್ಚ ನ್ಯಾಯಾಲಯವು ತುಮಕೂರು ಜಿಲ್ಲೆಯ ಅದಿರು ಗಣಿಗಾರಿಕೆಯನ್ನು ತಡೆಹಿಡಿಯುವುದಕ್ಕೆ ಮುಂಚಿನ ವರ್ಷಗಳಲ್ಲಿ ಲಾರಿಗಳ ಸಾಲು ಹಾದುಹೋದ ದಾರಿಯಲ್ಲಿ ತೆಂಗಿನ ಗರಿಯೇ ಕೆಂಪಾಗಿತ್ತೆಂದ ಮೇಲೆ, ಅದೇ ದಾರಿಯಲ್ಲಿ ಓಡಿದ ವಾಹನಗಳ ಎಂಜಿನ್ನು ಏನನ್ನು ಉಸಿರಾಡಿತೆಂಬುದನ್ನು ಊಹಿಸುವುದು ಕಷ್ಟವಲ್ಲ.

ಇನ್ನು ಕೈಪಿಡಿಯ ಲೆಕ್ಕವನ್ನು ಪರಿಶೀಲಿಸೋಣ. ಅನೇಕ ಕಾರುಗಳ ಕೈಪಿಡಿಗಳು ಏರ್ ಫಿಲ್ಟರನ್ನು 30 ಅಥವಾ 40 ಸಾವಿರ ಕಿಲೋಮೀಟರಿಗೊಮ್ಮೆ ಬದಲಾಯಿಸಬೇಕೆಂದು ಹೇಳಿ, ಅದರ ಕೆಳಗೆ ಸಣ್ಣ ಅಕ್ಷರದಲ್ಲಿ, ಧೂಳಿನ ಪ್ರದೇಶದಲ್ಲಿ ಓಡಿಸುವವರು ಇದಕ್ಕಿಂತ ಬೇಗ ಬದಲಾಯಿಸಬೇಕೆಂಬ ಎಚ್ಚರಿಕೆಯನ್ನೂ ಸೇರಿಸಿರುತ್ತವೆ. ದೊಡ್ಡ ಅಕ್ಷರವು ನುಣುಪಾದ ರಸ್ತೆಗಳ ನಗರವಾಸಿಗೆ, ಸಣ್ಣ ಅಕ್ಷರವು ನಮಗೆ; ನಾವು ಓದಿದ್ದು ಮಾತ್ರ ದೊಡ್ಡ ಅಕ್ಷರವನ್ನು. ನೊಣವಿನಕೆರೆಯ ಕಡೆಯ ರೈತನೊಬ್ಬನ ಕಾರು ತೋಟಕ್ಕೆ, ತಿಪಟೂರಿನ ಕೊಬ್ಬರಿ ಮಾರುಕಟ್ಟೆಗೆ, ನಂಟರ ಮನೆಯ ಮದುವೆಗೆ ಎಂದು ವರ್ಷಕ್ಕೆ 5,000 ಕಿಲೋಮೀಟರು ಓಡಿತೆಂದು ಇಟ್ಟುಕೊಂಡರೆ, 40 ಸಾವಿರ ತುಂಬುವುದಕ್ಕೆ ಎಂಟು ವರ್ಷ ಬೇಕು. ಅಷ್ಟು ಕಾಲ ಒಂದೇ ಕಾಗದ ಎಂಟು ಬೇಸಗೆಗಳ ಮಣ್ಣನ್ನೂ ಎಂಟು ಮಳೆಗಾಲಗಳ ತೇವವನ್ನೂ ತಾಳಿಕೊಂಡಿರಬೇಕೆಂದು ನಿರೀಕ್ಷಿಸುವುದು ನ್ಯಾಯವೇ? ಕಡಿಮೆ ಓಡುವ ಕಾರಿಗೆ ಕಡಿಮೆ ಆರೈಕೆ ಸಾಕೆಂಬ ನಂಬಿಕೆ ನಮ್ಮ ಸೀಮೆಯಲ್ಲಿ ಪ್ರಬಲವಾಗಿದೆ. ಫಿಲ್ಟರಿನ ಮಟ್ಟಿಗೆ ಅದು ತಲೆಕೆಳಗಾದ ನಂಬಿಕೆ. ಕೊಬ್ಬರಿ ತುಂಬಿದ ಮನೆಯ ಪಕ್ಕದ ಕೊಟ್ಟಿಗೆಯಲ್ಲಿ ವಾರಗಟ್ಟಲೆ ನಿಂತ ಕಾರಿನ ಫಿಲ್ಟರಿನ ಪೆಟ್ಟಿಗೆಯೊಳಗೆ ಇಲಿಯು ನಾರು ಸೇರಿಸಿ ಸಂಸಾರ ಹೂಡುವ ಸಂಭವವೂ ಉಂಟೆಂಬುದನ್ನು ಇಲ್ಲಿಯೇ ಹೇಳಿಬಿಡುತ್ತೇನೆ.

ಆದರೆ ಅನಾದರಕ್ಕೆ ಪರಿಹಾರ ಅತ್ಯಾದರವಲ್ಲ. ಕಾರು ನಿಲ್ಲಿಸಿದಾಗಲೆಲ್ಲ ಪಂಕ್ಚರು ಅಂಗಡಿಯ ಗಾಳಿಕೊಳವೆಯನ್ನು ಫಿಲ್ಟರಿನ ಮುಖಕ್ಕೆ ಹಿಡಿದು, ಪೂರ್ಣ ಒತ್ತಡದಲ್ಲಿ ಹೊಡೆಸಿ, ಧೂಳು ಮೋಡವಾಗಿ ಎದ್ದದ್ದನ್ನು ಕಂಡು ತೃಪ್ತಿಪಡುವವರೂ ನಮ್ಮಲ್ಲಿ ಕಡಿಮೆಯಿಲ್ಲ. ಹೊರಮೈಯಿಂದ ಹೊಡೆದ ಗಾಳಿಯು ಧೂಳನ್ನು ಕಾಗದದ ರಂಧ್ರಗಳೊಳಕ್ಕೇ ತುರುಕುತ್ತದೆ. ಅತಿಯಾದ ಒತ್ತಡವು ಕಾಗದವನ್ನು ಕಣ್ಣಿಗೆ ಕಾಣದಂತೆ ಸೀಳುತ್ತದೆ. ಹಾಗೆ ಸೀಳಿದ ಫಿಲ್ಟರು ಕೊಳೆಯಾದ ಫಿಲ್ಟರಿಗಿಂತ ಅಪಾಯಕರ. ಕೊಳೆಯಾದದ್ದು ಗಾಳಿಯನ್ನು ತಡೆಯುತ್ತದೆ, ಸೀಳಿದ್ದು ಮಣ್ಣನ್ನೇ ಬಿಟ್ಟುಕೊಡುತ್ತದೆ. ಅಲ್ಲದೆ, ಫಿಲ್ಟರಿನ ಮೇಲೆ ಕೂತ ಮೊದಲ ತೆಳು ಪದರದ ಧೂಳು ತಾನೇ ಮತ್ತೊಂದು ಜರಡಿಯಾಗಿ ಸೂಕ್ಷ್ಮ ಕಣಗಳನ್ನು ಹಿಡಿಯುವುದರಿಂದ, ಸ್ವಲ್ಪ ಬಳಸಿದ ಫಿಲ್ಟರು ಹೊಚ್ಚ ಹೊಸದಕ್ಕಿಂತ ಚೆನ್ನಾಗಿ ಶೋಧಿಸುತ್ತದೆ. ಆದಕಾರಣ ದಿನದಿನವೂ ಅದನ್ನು ಕೆದಕುವುದರಿಂದ ಪ್ರಯೋಜನಕ್ಕಿಂತ ಹಾನಿಯೇ ಹೆಚ್ಚು. ಕಾಗದದ ಫಿಲ್ಟರನ್ನು ನೀರಿನಲ್ಲಿ ತೊಳೆಯಕೂಡದು, ಕಲ್ಲಿಗೆ ಬಡಿಯಕೂಡದು. ಗಾಳಿ ಹೊಡೆಯಲೇಬೇಕಾದರೆ ಶುಭ್ರವಾದ ಒಳಮೈಯಿಂದ ಹೊರಮೈಯ ಕಡೆಗೆ, ದೂರದಿಂದ, ಮೆಲ್ಲಗೆ ಹೊಡೆಯಬೇಕು. ತರುವಾಯ ಬೆಳಕಿಗೆ ಹಿಡಿದು ನೋಡಬೇಕು. ಬೆಳಕು ಮಂಕಾಗಿಯಾದರೂ ಸಮವಾಗಿ ಹಾದುಬಂದರೆ ಇನ್ನೂ ಕೆಲವು ಕಾಲ ಇರಲಿ, ಹಾಯದಿದ್ದರೆ ಬದಲಾಯಿಸಿ, ಒಂದು ಕಡೆ ಚುಕ್ಕಿಯಂತೆ ಹೊಳೆದರೆ ಆ ಕ್ಷಣವೇ ಎಸೆಯಿರಿ. ಸುತ್ತಲಿನ ರಬ್ಬರಿನ ಅಂಚು ಬಿರಿದಿದ್ದರೂ, ಪೆಟ್ಟಿಗೆಯ ಒಂದು ಕ್ಲಿಪ್ಪು ಕೂರದಿದ್ದರೂ, ಗಾಳಿಯು ಫಿಲ್ಟರನ್ನು ತಪ್ಪಿಸಿಕೊಂಡು ನೇರವಾಗಿ ಒಳಹೋಗುತ್ತದೆಂಬುದನ್ನು ಮರೆಯಬಾರದು.

ಹೊಸ ಫಿಲ್ಟರು ಹಾಕಿದರೆ ಮೈಲೇಜು ಏರುತ್ತದೆಂದು ಅಂಗಡಿಗಳಲ್ಲಿ ಹೇಳುವುದುಂಟು. ಈ ಮಾತು ಪೂರ್ಣ ಸತ್ಯವಲ್ಲ. ಅಮೆರಿಕದ ಓಕ್ ರಿಡ್ಜ್ ರಾಷ್ಟ್ರೀಯ ಪ್ರಯೋಗಾಲಯವು 2009ರಲ್ಲಿ ಪ್ರಕಟಿಸಿದ ಪರೀಕ್ಷೆಗಳ ಪ್ರಕಾರ, ಇಂಧನದ ಪ್ರಮಾಣವನ್ನು ಕಂಪ್ಯೂಟರು ನಿರ್ಧರಿಸುವ ಈಗಿನ ಪೆಟ್ರೋಲು ಕಾರುಗಳಲ್ಲಿ ಫಿಲ್ಟರು ಕಟ್ಟಿಕೊಂಡರೂ ಮೈಲೇಜು ಗಮನಾರ್ಹವಾಗಿ ಇಳಿಯುವುದಿಲ್ಲ. ಇಳಿಯುವುದು ವೇಗ ಏರಿಸಿಕೊಳ್ಳುವ ಶಕ್ತಿ, ನಮ್ಮ ಚಾಲಕರು ಪಿಕಪ್ ಎನ್ನುವಂಥದು. ಕಾರ್ಬುರೇಟರಿನ ಹಳೆಯ ಕಾರುಗಳ ವಿಷಯ ಬೇರೆ. ಆದ್ದರಿಂದ ಮೈಲೇಜಿನ ಆಸೆಯಿಂದ ಫಿಲ್ಟರು ಬದಲಾಯಿಸುವವನು ನಿರಾಶನಾದಾನು. ಎಂಜಿನ್ನಿನ ಆಯುಸ್ಸಿಗಾಗಿ ಬದಲಾಯಿಸುವವನು ನಿರಾಶನಾಗನು.

ದಾರಿಯನ್ನು ಬಿಟ್ಟು ಧೂಳನ್ನು ಅಳೆಯುವ ವಿವೇಕ ನಮ್ಮ ರೈತರಿಗೆ ಹೊಸದೇನೂ ಅಲ್ಲ. ಹಳೆಯ ಟ್ರ್ಯಾಕ್ಟರುಗಳಲ್ಲಿ ಕಾಗದದ ಬದಲಾಗಿ ಎಣ್ಣೆಯ ಬಟ್ಟಲಿನ ಏರ್ ಕ್ಲೀನರ್ ಇರುತ್ತಿತ್ತು. ಒಳಬಂದ ಗಾಳಿ ಎಣ್ಣೆಯ ಮೇಲೆ ಹಾದು ತಿರುಗುವಾಗ ಮಣ್ಣು ಎಣ್ಣೆಯಲ್ಲಿ ಉಳಿದು ತಳದಲ್ಲಿ ಕೆಸರಾಗಿ ಕೂರುತ್ತಿತ್ತು. ಉಳುಮೆಯ ದಿನಗಳಲ್ಲಿ ಆ ಬಟ್ಟಲನ್ನು ಬಿಚ್ಚಿ, ಕೆಸರು ತೆಗೆದು, ಗುರುತಿನವರೆಗೆ ಹೊಸ ಎಣ್ಣೆ ಹಾಕದೆ ಗದ್ದೆಗೆ ಇಳಿಯದ ಎಷ್ಟೋ ಮಂದಿ ಇದ್ದರು, ಈಗಲೂ ಇದ್ದಾರೆ. ಅವರು ಮೀಟರನ್ನು ನೋಡಲಿಲ್ಲ, ಉತ್ತ ಮಣ್ಣನ್ನು ನೋಡಿದರು. ಟ್ರ್ಯಾಕ್ಟರಿಗೆ ಸಲ್ಲಿಸಿದ ಆ ವಿವೇಕವನ್ನು ಕಾರಿಗೆ ಏಕೆ ಸಲ್ಲಿಸಬಾರದು? ಟ್ರ್ಯಾಕ್ಟರು ದುಡಿಮೆಯ ಸಾಧನ, ಕಾರು ಗೌರವದ ಕುರುಹು ಎಂಬ ಭೇದಬುದ್ಧಿಯೇ ಇದಕ್ಕೆ ಕಾರಣವಿದ್ದರೂ ಇರಬಹುದು.

ಎಂಜಿನ್ನಿನ ಫಿಲ್ಟರಲ್ಲದೆ, ಒಳಗೆ ಕುಳಿತವರಿಗಾಗಿ ಇನ್ನೊಂದು ಫಿಲ್ಟರು ಇಂದಿನ ಬಹುತೇಕ ಕಾರುಗಳಲ್ಲಿದೆ. ಸಾಮಾನ್ಯವಾಗಿ ಮುಂದಿನ ಆಸನದ ಎದುರಿನ ಪೆಟ್ಟಿಗೆಯ ಹಿಂದೆ ಅಡಗಿರುವ ಅದನ್ನು ಎ.ಸಿ. ಫಿಲ್ಟರ್ ಎಂದು ಕರೆಯುವುದು ವಾಡಿಕೆ. ಅದರ ಇರುವಿಕೆಯೇ ಅನೇಕರಿಗೆ ತಿಳಿಯದು. ಎ.ಸಿ. ಗಾಳಿ ಕ್ಷೀಣಿಸಿದಾಗ ಗ್ಯಾಸು ಹೋಗಿದೆಯೆಂದು ಹಣ ಚೆಲ್ಲುವ ಮೊದಲು ಈ ಫಿಲ್ಟರನ್ನು ಹೊರತೆಗೆದು ನೋಡಬೇಕು. ಇಂಥ ಫಿಲ್ಟರುಗಳಲ್ಲಿ ಉತ್ತಮ ದರ್ಜೆಯವು ಹೊಗೆ ಮತ್ತು ದುರ್ವಾಸನೆಯನ್ನು ಹೀರುವ ಸಕ್ರಿಯ ಇದ್ದಿಲಿನ ಪದರವನ್ನು ಪಡೆದಿರುತ್ತವೆ. ಆ ಇದ್ದಿಲಿನ ಮುಖ್ಯ ಮೂಲಗಳಲ್ಲಿ ತೆಂಗಿನ ಚಿಪ್ಪೂ ಒಂದು. ಚಿಪ್ಪಿನ ಇದ್ದಿಲನ್ನು ಅತ್ಯಧಿಕ ಉಷ್ಣದಲ್ಲಿ ಹಬೆಯಿಂದ ಸಂಸ್ಕರಿಸಿದಾಗ ಅದರಲ್ಲಿ ಅಸಂಖ್ಯ ಸೂಕ್ಷ್ಮರಂಧ್ರಗಳು ತೆರೆದುಕೊಂಡು, ಒಂದು ಗ್ರಾಮಿನ ಒಳಮೈಯೇ ಸಾವಿರ ಚದರ ಮೀಟರಿನಷ್ಟು ವಿಸ್ತಾರವನ್ನು ಪಡೆಯಬಲ್ಲದು. ಮೊದಲನೆಯ ಮಹಾಯುದ್ಧದಲ್ಲಿ ವಿಷವಾಯುವಿನಿಂದ ಯೋಧರನ್ನು ಕಾಪಾಡಿದ ಮುಖವಾಡಗಳಿಗೂ ತೆಂಗಿನ ಚಿಪ್ಪಿನ ಇದ್ದಿಲನ್ನು ಬಳಸಿದ್ದರು. ಅನ್ಯರ ಉಸಿರನ್ನು ಶುಚಿಮಾಡುವ ಪದಾರ್ಥ ಹುಟ್ಟುವ ಸೀಮೆಯಲ್ಲಿ, ಅದನ್ನು ಸುಡುವ ಹೊಗೆಯ ನಡುವೆ, ನಮ್ಮ ಮಕ್ಕಳನ್ನು ಮಣ್ಣುಮೆತ್ತಿದ ಫಿಲ್ಟರಿನ ಗಾಳಿಯಲ್ಲಿ ಕೂರಿಸಿಕೊಂಡು ಶಾಲೆಗೆ ಬಿಟ್ಟುಬರುತ್ತಿದ್ದೇವೆ.

ವೆಚ್ಚದ ನೆಪವೂ ನಿಲ್ಲತಕ್ಕದ್ದಲ್ಲ. ಕೇಂದ್ರ ಸರ್ಕಾರವು 2024ರ ಹಂಗಾಮಿಗೆ ಉಂಡೆ ಕೊಬ್ಬರಿಗೆ ಗೊತ್ತುಮಾಡಿದ ಬೆಂಬಲ ಬೆಲೆ ಕ್ವಿಂಟಾಲಿಗೆ 12,000 ರೂಪಾಯಿ. ಆ ಲೆಕ್ಕದಲ್ಲಿ ಚಿಕ್ಕ ಕಾರಿನ ಏರ್ ಫಿಲ್ಟರಿನ ಬೆಲೆ ನಾಲ್ಕೈದು ಕಿಲೋ ಕೊಬ್ಬರಿಗೆ ಸಮ. ಎಂಜಿನ್ನು ಇಳಿಸಿ ರಿಂಗು ಬದಲಾಯಿಸುವ ವೆಚ್ಚವಾದರೋ ಕ್ವಿಂಟಾಲುಗಳ ಮಾತು. ಅಗ್ಗವೆಂದು ಹೆಸರಿಲ್ಲದ ನಕಲಿ ಫಿಲ್ಟರನ್ನು ಕೊಳ್ಳುವುದೂ ಉಳಿತಾಯವಲ್ಲ. ಅದರ ಮಡಿಕೆಗಳು ವಿರಳ, ಅಂಚು ಸಡಿಲ.

ವಾಹನದ ಯಜಮಾನನೊಬ್ಬನ ಮೇಲೆಯೇ ಹೊಣೆಯನ್ನೆಲ್ಲ ಹೊರಿಸುವುದು ಸರಿಯಲ್ಲ. ತಿಪಟೂರಿನಲ್ಲಿ ಕಾರುಗಳ ಸರ್ವೀಸು ನಡೆಸುವವರು ಬೆಂಗಳೂರಿನಿಂದ ಬಂದ ಪಟ್ಟಿಯನ್ನೇ ಗೋಡೆಗೆ ಅಂಟಿಸದೆ, ಈ ಮೂರು ತಾಲ್ಲೂಕುಗಳ ಧೂಳಿಗೆ ತಕ್ಕ ಪಟ್ಟಿಯೊಂದನ್ನು ಕನ್ನಡದಲ್ಲಿ ಅಚ್ಚು ಹಾಕಿಸಿ ಗಿರಾಕಿಯ ಕೈಗೆ ಕೊಡಬೇಕು. ನಾರಿನ ಹೊಟ್ಟನ್ನು ಸಾಗಿಸುವ ಲಾರಿಗಳಿಗೆ ಟಾರ್ಪಾಲು ಹೊದಿಸುವುದನ್ನೂ, ರಸ್ತೆಯಂಚಿನ ಗುಡ್ಡೆಗಳನ್ನು ತೆರವು ಮಾಡಿಸುವುದನ್ನೂ ಸ್ಥಳೀಯ ಆಡಳಿತವು ಕಡ್ಡಾಯಗೊಳಿಸಬೇಕು. ಆ ಹೊಟ್ಟಿನ ನಡುವೆ ದಿನವಿಡೀ ದುಡಿಯುವ ಕೂಲಿಯವರ ಮೂಗಿಗೆ ಯಾವ ಫಿಲ್ಟರೂ ಇಲ್ಲವೆಂಬುದು ಕಾರಿನ ವಿಚಾರಕ್ಕಿಂತ ಗುರುತರವಾದದ್ದು. ಮುಖಕ್ಕೆ ಕಟ್ಟಿಕೊಳ್ಳುವ ಒಳ್ಳೆಯ ಮಾಸ್ಕನ್ನು ಒದಗಿಸುವುದು ಕಾರ್ಖಾನೆಯವರ ಕನಿಷ್ಠ ಧರ್ಮ.

ಓದುಗರಲ್ಲಿ ನನ್ನ ಬಿನ್ನಹ ಇಷ್ಟೆ. ಮೂರು ತಿಂಗಳಿಗೊಮ್ಮೆ ಫಿಲ್ಟರಿನ ಪೆಟ್ಟಿಗೆಯನ್ನು ತೆರೆದು ನೋಡಿ. ಮೀಟರು ಏನೇ ಹೇಳಲಿ, ಬೇಸಗೆ ಮುಗಿದು ಮುಂಗಾರು ಕಾಲಿಡುವ ಹೊತ್ತಿಗೆ ವರ್ಷಕ್ಕೊಮ್ಮೆ ಎರಡೂ ಫಿಲ್ಟರುಗಳನ್ನು ಬದಲಾಯಿಸಿ. ಬದಲಾಯಿಸಿದ ತಾರೀಖನ್ನು ಪೆಟ್ಟಿಗೆಯ ಮುಚ್ಚಳದ ಮೇಲೆಯೇ ಬರೆದಿಡಿ.