ಹಡಗಿನ ಬೆಂಕಿಯೂ ನಮ್ಮ ಮೇಜಿನ ಕಾಗದವೂ

2025ರ ಜೂನ್ 9ರಂದು, ಕೊಲಂಬೊದಿಂದ ನಮ್ಮ ನ್ಹಾವಾ ಶೇವಾ ಬಂದರಿಗೆ ಬರುತ್ತಿದ್ದ ‘ವಾನ್ ಹೈ 503’ ಎಂಬ ಕಂಟೇನರ್ ಹಡಗು ಕೇರಳ ಕರಾವಳಿಯಾಚೆ ಸ್ಫೋಟದಿಂದ ಹೊತ್ತಿಕೊಂಡಿತು. ಅದರಲ್ಲಿದ್ದ 22 ಮಂದಿಯಲ್ಲಿ 18 ಮಂದಿಯನ್ನು ನೌಕಾಪಡೆಯ ‘ಸೂರತ್’ ನೌಕೆ ಪಣಂಬೂರಿನ ನವಮಂಗಳೂರು ಬಂದರಿಗೆ ತಲುಪಿಸಿತು. ನಾಲ್ವರು ಕಾಣೆಯಾದರು. ಹೊರಟದ್ದು ಮುಂಬಯಿಗೆ, ಬದುಕಿ ಸೇರಿದ್ದು ಮಂಗಳೂರಿಗೆ. ಎರಡೂ ಊರುಗಳ ನಂಟುಳ್ಳ ನಮಗೆ ಈ ಸುದ್ದಿ ದೂರದ್ದೆನಿಸಲಿಲ್ಲ.

ಊರಿನಲ್ಲಿ ಬೆಂಕಿ ಬಿದ್ದರೆ ಅಗ್ನಿಶಾಮಕ ದಳಕ್ಕೆ ಫೋನು ಮಾಡುತ್ತೇವೆ. ನಡುಗಡಲಿನಲ್ಲಿ ನಾವಿಕನೇ ಅಗ್ನಿಶಾಮಕ ದಳ. ಅಡುಗೆಯವನಿಂದ ಇಂಜಿನಿಯರನವರೆಗೆ ಪ್ರತಿಯೊಬ್ಬನೂ ತಿಂಗಳಿಗೊಮ್ಮೆಯಾದರೂ ಬೆಂಕಿಯಾರಿಸುವ ಕವಾಯತಿನಲ್ಲಿ ಭಾಗವಹಿಸಬೇಕೆಂಬುದು ಅಂತಾರಾಷ್ಟ್ರೀಯ ನಿಯಮ.

ಆ ತಾಲೀಮಿನ ಬೆಲೆ ಏನೆಂಬುದು 2024ರ ಜನವರಿ 26ರಂದು ಏಡನ್ ಕೊಲ್ಲಿಯಲ್ಲಿ ತಿಳಿಯಿತು. ಕ್ಷಿಪಣಿಯೇಟಿಗೆ ಸಿಕ್ಕಿದ ‘ಮಾರ್ಲಿನ್ ಲುವಾಂಡಾ’ ತೈಲ ಹಡಗಿನಲ್ಲಿ 22 ಭಾರತೀಯರೂ ಒಬ್ಬ ಬಾಂಗ್ಲಾದೇಶೀಯನೂ ಇದ್ದರು. ಹಡಗಿನ ತುಂಬ 80,000 ಟನ್ನಿಗೂ ಮಿಕ್ಕಿದ ನಾಫ್ತಾ. ಬಲಬದಿಯ ಜೀವರಕ್ಷಕ ದೋಣಿ ನಾಶವಾಗಿತ್ತು. ಕ್ಯಾಪ್ಟನ್ ಅವಿಲಾಷ್ ರಾವತ್ ಅವರ ತಂಡ ಮೊದಲು ನೊರೆ ಸುರಿಸಿತು, ನೊರೆ ಮುಗಿದ ಮೇಲೆ ಸಮುದ್ರದ ನೀರನ್ನೇ ಹಾಯಿಸಿತು. ಅಮೆರಿಕ, ಫ್ರಾನ್ಸ್ ಮತ್ತು ಭಾರತದ ಯುದ್ಧನೌಕೆಗಳು ನೆರವಿಗೆ ಬಂದವು. ಸುಮಾರು ಒಂದು ದಿನದ ಹೋರಾಟದ ನಂತರ ಬೆಂಕಿ ಆರಿತು. ಅಂತಾರಾಷ್ಟ್ರೀಯ ಸಾಗರ ಸಂಸ್ಥೆ ಅದೇ ವರ್ಷ ಆ ತಂಡವನ್ನು ಶೌರ್ಯ ಪ್ರಶಸ್ತಿಗೆ ಆರಿಸಿತು.

ಅಲ್ಲಿ ಉರಿಯುತ್ತಿರುವುದೇನೆಂದು ನಾವಿಕರಿಗೆ ಗೊತ್ತಿತ್ತು. ಕಂಟೇನರ್ ಹಡಗಿನಲ್ಲಿ ಆ ಅನುಕೂಲವಿಲ್ಲ. ‘ವಾನ್ ಹೈ’ ಹೊತ್ತಿದ್ದ ಪೆಟ್ಟಿಗೆಗಳಲ್ಲಿ ಅಪಾಯಕಾರಿ ಸರಕೆಂದು ಪಟ್ಟಿಯಲ್ಲಿ ಘೋಷಿತವಾದವೇ 140ಕ್ಕೂ ಹೆಚ್ಚು. ಮೊಹರು ಹಾಕಿದ ಪೆಟ್ಟಿಗೆಯನ್ನು ನಾವಿಕ ತೆರೆದು ನೋಡಲಾರ. ಅವನಿಗಿರುವುದು ಆ ಪಟ್ಟಿಯೊಂದೇ. ಕೆಲವು ರಾಸಾಯನಿಕಗಳಿಗೆ ನೀರು ತಾಗಿದರೆ ಬೆಂಕಿ ಹೆಚ್ಚುತ್ತದೆ. ಆದರೂ ಹೆಚ್ಚಿನ ಸಾಗಣೆ ದರ ತಪ್ಪಿಸಲೆಂದು ಅಪಾಯದ ಸರಕಿಗೆ ಸಾಧಾರಣ ಹೆಸರು ಬರೆಯುವ ಚಾಳಿ ಜಗತ್ತಿನಾದ್ಯಂತ ಇದೆ. ಸರಣಿ ಅಗ್ನಿದುರಂತಗಳ ಬಳಿಕವೇ, ಇದ್ದಿಲನ್ನು ಅಪಾಯಕಾರಿ ಸರಕೆಂದು ಘೋಷಿಸಿ ಸಾಗಿಸಬೇಕೆಂಬ ನಿಯಮ 2026ರ ಜನವರಿ 1ರಿಂದ ಕಡ್ಡಾಯವಾಯಿತು.

ಬ್ಯಾಂಕಿನ ಕೆಲಸದಲ್ಲಿರುವ ನಮ್ಮ ಮೇಜಿಗೆ ಬಿಲ್ ಆಫ್ ಲೇಡಿಂಗ್ ಬರುತ್ತದೆ. ಪೆಟ್ಟಿಗೆಯಲ್ಲಿ ಇಂತಹ ಸರಕು ‘ಇದೆಯೆಂದು ಹೇಳಲಾಗಿದೆ’ ಎಂಬುದೇ ಅದರ ಒಕ್ಕಣೆ. ಬ್ಯಾಂಕು ದಾಖಲೆಯನ್ನು ನೋಡುತ್ತದೆಯೇ ಹೊರತು ಸರಕನ್ನಲ್ಲ. ಹಾಗಲ್ಲದೆ ವಿದೇಶ ವ್ಯಾಪಾರ ನಡೆಯದು. ವರ್ಷಗಟ್ಟಲೆ ಅಂತಹ ಕಾಗದಗಳಿಗೆ ನಾವೂ ರುಜು ಹಾಕಿದ್ದೇವೆ. ಅದೇ ವಿವರವನ್ನು ನಂಬಿ ಒಬ್ಬ ನಾವಿಕ ನೀರಿನ ಕೊಳವೆ ಹಿಡಿದು ಹೊಗೆಯೊಳಗೆ ನುಗ್ಗಬೇಕಾದೀತೆಂದು ಆಗ ಹೊಳೆದಿರಲಿಲ್ಲ.

ರಫ್ತು ವ್ಯಾಪಾರಿಗಳು, ಸರಕು ಏಜೆಂಟರು, ಗುಮಾಸ್ತರು ನಮ್ಮ ಕನ್ನಡ ಕುಟುಂಬಗಳಲ್ಲೂ ಇದ್ದಾರೆ. ಹಡಗು ಸೇರಿದ ಮಕ್ಕಳೂ ಇದ್ದಾರೆ. ಸರಕಿನ ಹೆಸರು ಬರೆಯುವ ಕೈಗಳು ಆ ಮಕ್ಕಳನ್ನು ನೆನೆದು ಬರೆಯಲೆಂಬುದೇ ನಮ್ಮ ಅರಿಕೆ.