ಗೆರೋನನ ಅಪರಾಧವಾವುದು?

ಕುರ್ಟ್ ಗೆರೋನನೆಂಬ ಜರ್ಮನ್ ನಟನು ಸ್ವಜನದ್ರೋಹಿಯೆಂದು ತೀರ್ಪು ಕೊಡುವವರುಂಟು. ತಾನು ಯೆಹೂದ್ಯನಾಗಿದ್ದೂ ನಾಜಿಗಳಿಗಾಗಿ ಸುಳ್ಳು ಚಲಚ್ಚಿತ್ರವೊಂದನ್ನು ನಿರ್ದೇಶಿಸಿದನೆಂಬುದೇ ಅವನ ಮೇಲಿನ ಆರೋಪವು. ಸಂಗತಿಯು ನಿಜವೇ ಅಹುದು. ತೀರ್ಪು ಮಾತ್ರ ನಮಗೆ ಸಮ್ಮತವಲ್ಲ.

1897ರಲ್ಲಿ ಬರ್ಲಿನ್ನಿನಲ್ಲಿ ಜನಿಸಿದ ಈತನು ಮೊದಲನೆಯ ಮಹಾಯುದ್ಧದಲ್ಲಿ ಜರ್ಮನಿಯ ಪಕ್ಷದಲ್ಲಿಯೇ ಕಾದಾಡಿ ಗಾಯಗೊಂಡವನು. ವೈದ್ಯವಿದ್ಯೆಯನ್ನು ಬಿಟ್ಟು ರಂಗಭೂಮಿಗೆ ಬಂದನು. ಆ ಸ್ಥೂಲಕಾಯಕ್ಕೆ ನಾಯಕನ ವೇಷವು ಒದಗುವಂತಿರಲಿಲ್ಲ. ಖಳ, ವಿದೂಷಕ ಮೊದಲಾದ ಉಪಪಾತ್ರಗಳಲ್ಲಿಯೇ ಅವನು ಹೆಸರಾದನು. 1928ರಲ್ಲಿ ಬ್ರೆಖ್ಟ್ ಕವಿಯ ‘ಮೂರು ಕಾಸಿನ ಸಂಗೀತನಾಟಕ’ವು ಮೊದಲ ಸಲ ರಂಗವನ್ನೇರಿದಾಗ, ಮುಂದೆ ಜಗತ್ತೆಲ್ಲ ಗುನುಗುನಿಸಿದ ಚೂರಿಗಾರ ಮ್ಯಾಕಿಯ ಲಾವಣಿಯನ್ನು ಹಾಡಿದವನು ಇವನೇ. 1930ರ ‘ಬ್ಲೂ ಏಂಜೆಲ್’ ವಾಕ್ಚಿತ್ರದಲ್ಲಿ ಇವನು ಜಾದುಗಾರನಾಗಿ ವೃದ್ಧ ಅಧ್ಯಾಪಕನ ತಲೆಯ ಮೇಲೆ ಮೊಟ್ಟೆ ಒಡೆಯುವುದನ್ನು ನೋಡಿದವರು ಮರೆಯಲಾರರು.

1933ನೆಯ ಏಪ್ರಿಲ್ 1ರಂದು ಉಫಾ ಸಂಸ್ಥೆಯು, ಚಿತ್ರೀಕರಣವು ನಡೆದಿರುವಾಗಲೇ ಇವನನ್ನು ಹೊರದೂಡಿತು. ಪ್ಯಾರಿಸ್ಸಿಗೆ, ಅಲ್ಲಿಂದ ಹಾಲೆಂಡಿಗೆ ಓಡಿದನು. 1940ರಲ್ಲಿ ಜರ್ಮನ್ ಸೈನ್ಯವು ಅಲ್ಲಿಗೂ ಬಂದಿತು. ಅದೇ ವರ್ಷದ ‘ನಿತ್ಯ ಯೆಹೂದ್ಯ’ನೆಂಬ ದ್ವೇಷಪ್ರಚಾರದ ಚಿತ್ರದಲ್ಲಿ ಇವನ ಹಳೆಯ ಪಾತ್ರಗಳ ತುಣುಕುಗಳನ್ನು ಸೇರಿಸಿ, ಯೆಹೂದ್ಯರ ಸ್ವಭಾವವೇ ಇಂಥದೆಂದು ತೋರಿಸಲಾಯಿತು. ವೇಷವನ್ನೇ ಮನುಷ್ಯನೆಂದು ಸಾರುವ ಈ ನೀಚತನಕ್ಕೆ ಏನೆನ್ನಬೇಕು!

1944ರಲ್ಲಿ ಅವನು ಥೆರೆಸಿಯೆನ್‌ಸ್ಟಾಟ್ ಬಂದಿವಾಸದಲ್ಲಿದ್ದನು. ಅಲ್ಲಿಯ ಯೆಹೂದ್ಯರು ಸುಖವಾಗಿದ್ದಾರೆಂದು ಲೋಕವನ್ನು ನಂಬಿಸುವ ಚಿತ್ರವನ್ನು ತೆಗೆಯಬೇಕೆಂದು ಎಸ್.ಎಸ್. ಅಧಿಕಾರಿಗಳ ಆಜ್ಞೆಯಾಯಿತು. ಕಾಲ್ಚೆಂಡಿನ ಪಂದ್ಯ, ಕಾಯಿಪಲ್ಲೆಯ ತೋಟ, ಮಕ್ಕಳ ಸಂಗೀತನಾಟಕ, ಎಲ್ಲವನ್ನೂ ಗೆರೋನನು ಹೇಳಿದಂತೆ ತೆಗೆದುಕೊಟ್ಟನು. ಹೆಂಡತಿಯೂ ಅದೇ ಸೆರೆಯಲ್ಲಿದ್ದಳು. ಕೊರಳ ಮೇಲೆ ಕತ್ತಿಯಿದ್ದವನಿಂದ ವೀರತ್ವವನ್ನು ನಿರೀಕ್ಷಿಸುವುದು, ಕತ್ತಿಯನ್ನು ಕಾಣದ ನಮಗೆ ಬಹಳ ಸುಲಭ.

ಅದೇ ‘ಬ್ಲೂ ಏಂಜೆಲ್’ದಲ್ಲಿ ಅಧ್ಯಾಪಕನಾಗಿದ್ದ ಎಮಿಲ್ ಯಾನಿಂಗ್ಸನನ್ನು ನೋಡಿರಿ. ವಿಶ್ವವಿಖ್ಯಾತನಾದ ಅವನು ನಾಜಿ ರಾಜ್ಯದಲ್ಲಿಯೇ ನಿಂತು, 1941ರಲ್ಲಿ ‘ಓಮ್ ಕ್ರ್ಯೂಗರ್’ ಎಂಬ ಪ್ರಚಾರಚಿತ್ರದ ನಾಯಕನಾಗಿ ಮೆರೆದು, 1950ರಲ್ಲಿ ಆಸ್ಟ್ರಿಯದಲ್ಲಿ ತೀರಿಕೊಂಡನು. ದ್ರೋಹದ ವಿಚಾರಣೆಯನ್ನು ನಡೆಸಬೇಕೆನ್ನುವವರು ಮೊದಲು ಯಾರನ್ನು ಕರೆಯಬೇಕು?

ಗೆರೋನನಿಗಂತೂ ಆಜ್ಞಾಪಾಲನೆಯಿಂದ ದೊರೆತುದು ಕೆಲವೇ ವಾರಗಳ ಆಯುಷ್ಯವು. 1944ನೆಯ ಅಕ್ಟೋಬರ್ 28ರಂದು ಥೆರೆಸಿಯೆನ್‌ಸ್ಟಾಟಿನಿಂದ ಆಶ್ವಿಟ್ಸಿಗೆ ಹೊರಟ ಕಡೆಯ ರೈಲಿನಲ್ಲಿ ಅವನನ್ನು ತುಂಬಿದರು. ತಲುಪಿದೊಡನೆ ವಿಷವಾಯುವಿನ ಕೋಣೆಯಲ್ಲಿ ಕೊಂದರು. ಅವನ ಚಿತ್ರದಲ್ಲಿ ಹಾಡಿದ ಮಕ್ಕಳಲ್ಲಿ ಬಹಳ ಮಂದಿ ಅವನಿಗಿಂತ ಮೊದಲೇ ಆ ದಾರಿಯನ್ನು ಹಿಡಿದಿದ್ದರು.