ರಾಜಾಸೀಟ್‌ನಲ್ಲಿ ಸಿಗದ ರಾಜರು

ವಾರಾಂತ್ಯ ಬಂದರೆ ಮಡಿಕೇರಿಯ ರಾಜಾಸೀಟ್‌ನಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಈ ವಾರವೂ ಅದೇ ಜಾತ್ರೆ. ಸೂರ್ಯಾಸ್ತ ನೋಡಿ, ಫೋಟೊ ತೆಗೆಸಿಕೊಂಡು, ಕಾಫಿಪುಡಿ, ಜೇನು ಕಟ್ಟಿಸಿಕೊಂಡು ಜನ ಗಾಡಿ ಹತ್ತುತ್ತಾರೆ. ರಾಜ ಇಲ್ಲಿ ಕೂತು ಸಂಜೆ ಕಳೆಯುತ್ತಿದ್ದನಂತೆ ಎಂಬ ಒಂದು ಮಾತು ಕಿವಿಗೆ ಬಿದ್ದಿರುತ್ತದೆ, ಅಷ್ಟೇ. ಯಾವ ರಾಜ ಎಂದು ಕೇಳುವವರಿಲ್ಲ.

ಸಿಟ್ಟು ಬರುವುದು ಅದಕ್ಕೇ. ಹಾಲೇರಿ ಮನೆತನ ಕೊಡಗನ್ನು ಸುಮಾರು ಇನ್ನೂರು ವರ್ಷ ಆಳಿತು. ಮುದ್ದುರಾಜ 1681ರಲ್ಲಿ ಮಡಿಕೇರಿಯನ್ನು ರಾಜಧಾನಿ ಮಾಡಿಕೊಂಡ. ಟಿಪ್ಪುವಿನ ಸೆರೆಯಲ್ಲಿದ್ದ ದೊಡ್ಡವೀರರಾಜೇಂದ್ರ 1788ರಲ್ಲಿ ಪಿರಿಯಾಪಟ್ಟಣದಿಂದ ತಪ್ಪಿಸಿಕೊಂಡು ಬಂದು ನಾಡನ್ನು ಮರಳಿ ಗೆದ್ದ. ಮುಂದೆ ತನ್ನ ವಂಶದ ಚರಿತ್ರೆಯನ್ನು 'ರಾಜೇಂದ್ರನಾಮೆ' ಎಂದು ಕನ್ನಡದಲ್ಲೇ ಬರೆಸಿದ.

ಅವನ ಸಮಾಧಿ ಊರಲ್ಲೇ ಇದೆ, ರಾಜರ ಗದ್ದುಗೆಯಲ್ಲಿ. ನಡುವೆ ದುಂಡನೆಯ ಗುಮ್ಮಟ, ನಾಲ್ಕು ಮೂಲೆಗೆ ಮಿನಾರು. ಒಳಗೆ ವೀರಶೈವ ಅರಸ, ಅವನ ಪಕ್ಕದಲ್ಲಿ ರಾಣಿ ಮಹದೇವಮ್ಮಾಜಿ. ಇದೇ ಮನೆತನದ ಲಿಂಗರಾಜೇಂದ್ರ 1820ರಲ್ಲಿ ಕಟ್ಟಿಸಿದ ಓಂಕಾರೇಶ್ವರ ದೇವಸ್ಥಾನದ್ದೂ ಇದೇ ಶೈಲಿ. ಶಿವನ ಗುಡಿಗೆ ಗುಮ್ಮಟವೇಕೆ ಎಂದು ಯಾರೂ ಜಗಳ ತೆಗೆಯದ ಕಾಲ ಅದು. ಇಂದಿನ ಮಕ್ಕಳನ್ನು ಕರೆದುಕೊಂಡು ಹೋಗಿ ತೋರಿಸಬೇಕಾದದ್ದು ಇದನ್ನು.

ಇನ್ನು ಕೊನೆಯ ಅರಸ ಚಿಕ್ಕವೀರರಾಜೇಂದ್ರ. ಅವನ ಕ್ರೌರ್ಯದ ಕಥೆಗಳು ಎಲ್ಲರಿಗೂ ಬಾಯಿಪಾಠ. ಅವನು ಸಜ್ಜನನೇನಲ್ಲ. ಆದರೆ 1834ರಲ್ಲಿ ಅವನನ್ನು ಇಳಿಸಿ ಕೊಡಗನ್ನು ನುಂಗಿದ ಈಸ್ಟ್ ಇಂಡಿಯಾ ಕಂಪನಿಗೆ ಆ ಕಥೆಗಳು ಎಷ್ಟು ಅನುಕೂಲವಾದವು ಎಂಬುದನ್ನೂ ಜೊತೆಗೇ ಹೇಳಬೇಕು. ಕಾಶಿಯಲ್ಲಿ ಗಡೀಪಾರಾಗಿದ್ದ ಅರಸ 1852ರಲ್ಲಿ ಮಗಳು ಗೌರಮ್ಮನನ್ನು ಕರೆದುಕೊಂಡು ಲಂಡನ್ನಿಗೆ ಹೋದ. ವಿಕ್ಟೋರಿಯಾ ರಾಣಿಯೇ ಧರ್ಮಮಾತೆಯಾಗಿ ನಿಂತು ಆ ಹುಡುಗಿಗೆ ದೀಕ್ಷಾಸ್ನಾನ ಮಾಡಿಸಿ, ತನ್ನ ಹೆಸರನ್ನೇ ಇಟ್ಟಳು. ಅಪ್ಪ ಕಂಪನಿಯ ಬಳಿಯಿದ್ದ ತನ್ನ ಹಣಕ್ಕಾಗಿ ದಾವೆ ಹೂಡಿದ. 1859ರಲ್ಲಿ ಅಲ್ಲೇ ತೀರಿಕೊಂಡ. ಮರುವರ್ಷ ಕೋರ್ಟು ದಾವೆಯನ್ನು ವಜಾ ಮಾಡಿತು. ಗೌರಮ್ಮ 1864ರಲ್ಲಿ, ಇಪ್ಪತ್ತರ ಹರೆಯದಲ್ಲೇ ಹೋದಳು. ಅವಳ ಸಮಾಧಿ ಲಂಡನ್ನಿನಲ್ಲೇ ಇದೆ.

ಈ ಕಥೆಯನ್ನೆಲ್ಲ ಹೇಳಲು ಮಡಿಕೇರಿ ಕೋಟೆಯ ಅರಮನೆಗಿಂತ ಒಳ್ಳೆಯ ಜಾಗ ಬೇರಿಲ್ಲ. ಲಿಂಗರಾಜೇಂದ್ರ ಕಟ್ಟಿಸಿದ ಆ ಅರಮನೆಯಲ್ಲಿ ನಾವು ದಶಕಗಟ್ಟಲೆ ಜಿಲ್ಲಾಧಿಕಾರಿ ಕಚೇರಿ ನಡೆಸಿದೆವು. ಅರಸರ ಕೋಣೆಗಳಲ್ಲಿ ಕಡತ ಪೇರಿಸಿದೆವು. ಅಂಗಳದ ಗಾರೆಯ ಆನೆಗಳೆರಡು ಮಾತ್ರ ಮಕ್ಕಳ ಫೋಟೊಗೆ ಒದಗಿದವು.

ಅರಮನೆ ಪೂರ್ತಿಯಾಗಿ ಹಾಲೇರಿ ಅರಸರ ಸಂಗ್ರಹಾಲಯವಾಗಲಿ. ರಾಜೇಂದ್ರನಾಮೆಯ ಪುಟಗಳಿಂದ ಗೌರಮ್ಮನ ಚಿತ್ರದವರೆಗೆ ಎಲ್ಲವೂ ಅಲ್ಲಿ ಕನ್ನಡದ ವಿವರಣೆಯೊಂದಿಗೆ ಇರಲಿ. ರಾಜರ ಹೆಸರು ಹೇಳಿಕೊಂಡು ಟಿಕೆಟ್ ಹರಿಯುವ ಪ್ರವಾಸೋದ್ಯಮಕ್ಕೆ ಇಷ್ಟನ್ನೂ ಮಾಡಲಾಗದಿದ್ದರೆ, ಆ ಹೆಸರನ್ನು ಬಳಸುವ ಹಕ್ಕು ಅದಕ್ಕಿಲ್ಲ.